ಚೌಕಟ್ಟಿನ ಮೇಲಣ ಬಣ್ಣ: ಸೈಕಲ್ ಫ್ರೇಮಿನ ವರ್ಣಕಲೆ ಮತ್ತು ವೈಯಕ್ತಿಕ ಅಭಿರುಚಿಯ ಪ್ರಶ್ನೆ

1. ಪ್ರಶ್ನೆಯ ಸ್ವರೂಪ

ಬಳಕೆಯ ವಸ್ತುಗಳ ಅಲಂಕರಣವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ನೇಯ್ಗೆ, ಕಸೂತಿ, ಕುಂಬಾರಿಕೆ, ಮರಗೆತ್ತನೆಗಳಂಥ ಪರಂಪರಾಗತ ಕಸುಬುಗಳ ಸುತ್ತ ಬೆಳೆದಿವೆ. ಯಂತ್ರಯುಗದಲ್ಲಿ ಹುಟ್ಟಿದ ವಸ್ತುವೊಂದು ಅದನ್ನು ಬಳಸುವವರ ಇಷ್ಟಕ್ಕೆ ತಕ್ಕಂತೆ ಮರಳಿ ಕುಶಲಕರ್ಮಿಯ ಕೈಗೆ ಬಂದು ಹೊಸ ರೂಪ ಪಡೆಯುವ ಬಗೆ ವಿಮರ್ಶೆಯ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಸೈಕಲ್ಲಿನ ಫ್ರೇಮಿಗೆ ಬೇಡಿಕೆಯ ಮೇರೆಗೆ ಮಾಡುವ ಕಲಾತ್ಮಕ ಬಣ್ಣದ ಕೆಲಸ ಇದಕ್ಕೆ ಒಳ್ಳೆಯ ನಿದರ್ಶನ. ಇಂಗ್ಲೆಂಡ್, ಇಟಲಿ, ಅಮೆರಿಕಗಳಲ್ಲಿ ಈ ಕೆಲಸಕ್ಕೆ ಒಂದು ಶತಮಾನಕ್ಕೂ ಮಿಗಿಲಾದ ಇತಿಹಾಸವಿದೆ. ತನ್ನದೇ ಆದ ಪರಿಭಾಷೆ, ತನ್ನದೇ ಆದ ಒಳ್ಳೆಯದು ಕೆಟ್ಟದ್ದರ ಅಳತೆಗೋಲುಗಳೂ ಅದಕ್ಕಿವೆ.

ಈ ಕಲೆಯ ಬಗ್ಗೆ ಮಾತು ಬಂದಾಗಲೆಲ್ಲ ಚರ್ಚೆಯನ್ನು ಮುಗಿಸಿಬಿಡುವ ಒಂದು ಉತ್ತರ ಸಿದ್ಧವಾಗಿರುತ್ತದೆ: ಬಣ್ಣ ಅವರವರ ಅಭಿರುಚಿಗೆ ಬಿಟ್ಟದ್ದು, ಹಣ ಕೊಟ್ಟವನಿಗೆ ಮೆಚ್ಚಿಗೆಯಾದರೆ ಉಳಿದವರ ಮಾತಿಗೆ ಅವಕಾಶವಿಲ್ಲ. ಈ ಉತ್ತರವನ್ನು ಒಪ್ಪಿಕೊಂಡರೆ ವಿಮರ್ಶೆಗೆ ಕೆಲಸವೇ ಉಳಿಯುವುದಿಲ್ಲ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಕನ್ನಡದ ಗಾದೆ ಇದಕ್ಕೆ ವಿರುದ್ಧವಾದ ನಿಲುವನ್ನು ಸೂಚಿಸುತ್ತದೆ. ಸೈಕಲ್ಲಿನ ವಿಷಯದಲ್ಲಿ ಈ ಗಾದೆ ಅಕ್ಷರಶಃ ನಿಜ. ಸೀಟಿನ ಮೇಲೆ ಕುಳಿತು ತುಳಿಯುವವನಿಗೆ ತನ್ನ ಫ್ರೇಮಿನಲ್ಲಿ ಕಾಣುವುದು ಮೇಲಿನ ಬಾರಿನ ಬೆನ್ನು ಮಾತ್ರ. ಪಕ್ಕದ ಪಟ್ಟೆಗಳು, ಬೆಸುಗೆಯ ಅಂಚಿನ ಚಿನ್ನದ ಗೆರೆಗಳು, ಹ್ಯಾಂಡಲಿನ ಕೆಳಗಣ ಲಾಂಛನ ಇವೆಲ್ಲ ಎದುರಿಗೆ ಬರುವವರಿಗೆ, ಪಕ್ಕದಲ್ಲಿ ಸಾಗುವವರಿಗೆ ಕಾಣತಕ್ಕವು. ತನ್ನ ಇಚ್ಛೆಯಿಂದ ಮಾಡಿಸಿದ ಅಲಂಕಾರವನ್ನು ಸವಾರಿಯ ಹೊತ್ತಿನಲ್ಲಿ ಎಲ್ಲರಿಗಿಂತ ಕಡಿಮೆ ಕಾಣುವವನು ಸವಾರನೇ. ಆದುದರಿಂದ ಇಲ್ಲಿ ‘ವೈಯಕ್ತಿಕ’ ಎಂಬ ಮಾತಿನ ಅರ್ಥವನ್ನು ಮರಳಿ ಪರಿಶೀಲಿಸುವುದು ಅಗತ್ಯವಾಗುತ್ತದೆ. ಫ್ರೇಮಿನ ಬಣ್ಣದಲ್ಲಿ ಅಭಿರುಚಿಯೆನ್ನುವುದು ಬರಿಯ ಇಷ್ಟವಲ್ಲ. ವಸ್ತುವಿನ ರಚನೆ, ಸಮುದಾಯದ ಸಂಕೇತ ಮತ್ತು ಕುಶಲಕರ್ಮಿಯ ಕೈ ಈ ಮೂರಕ್ಕೂ ಉತ್ತರ ಕೊಡಬಲ್ಲ ಇಷ್ಟ ಮಾತ್ರ ಅಭಿರುಚಿಯಾಗುತ್ತದೆ ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ತೋರಿಸುವುದು ಈ ಲೇಖನದ ಉದ್ದೇಶ.

ಭಾರತೀಯ ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ಹತ್ತಿರವಾದ ಪರಿಕಲ್ಪನೆಯೆಂದರೆ ಔಚಿತ್ಯ. 11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ತನ್ನ ‘ಔಚಿತ್ಯವಿಚಾರಚರ್ಚಾ’ ಗ್ರಂಥದಲ್ಲಿ ಅಲಂಕಾರವು ತಕ್ಕ ಸ್ಥಾನದಲ್ಲಿದ್ದಾಗ ಮಾತ್ರ ಅಲಂಕಾರವೆನಿಸುತ್ತದೆ, ಸೊಂಟದ ಆಭರಣವನ್ನು ಕೊರಳಿಗೆ ತೊಟ್ಟರೆ ನಗೆಪಾಟಲಾಗುತ್ತದೆ ಎಂಬ ಅಭಿಪ್ರಾಯವನ್ನು ಮಂಡಿಸುತ್ತಾನೆ. ಪಾಶ್ಚಾತ್ಯರಲ್ಲಿ ಇಮ್ಯಾನುಯೆಲ್ ಕಾಂಟ್ 1790ರ ತನ್ನ ಗ್ರಂಥದಲ್ಲಿ ಸ್ವತಂತ್ರ ಸೌಂದರ್ಯವನ್ನೂ ವಸ್ತುವಿನ ಉದ್ದೇಶಕ್ಕೆ ಅಧೀನವಾದ ಸೌಂದರ್ಯವನ್ನೂ ಬೇರ್ಪಡಿಸಿದನು. ಸೈಕಲ್ಲಿನ ಫ್ರೇಮು ಸಹಜವಾಗಿಯೇ ಎರಡನೆಯ ವರ್ಗಕ್ಕೆ ಸೇರುತ್ತದೆ. ಅದು ಮೊದಲು ಭಾರ ಹೊರಬೇಕು, ಆಮೇಲೆ ಚೆಲುವಾಗಬೇಕು.

2. ಬಣ್ಣದ ನೆಲೆ: ಕೊಳವೆಯೆಂಬ ಚಿತ್ರಭಿತ್ತಿ

1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ ರೋವರ್ ಸೈಕಲ್ಲಿನ ತರುವಾಯ ಎರಡು ಸಮಾನ ಚಕ್ರಗಳು ಮತ್ತು ಅವುಗಳ ನಡುವಣ ವಜ್ರಾಕೃತಿಯ ಚೌಕಟ್ಟು ಕ್ರಮೇಣ ಸ್ಥಿರವಾದುವು. ಸಾಂಪ್ರದಾಯಿಕ ಉಕ್ಕಿನ ಫ್ರೇಮಿನಲ್ಲಿ ಮೇಲಿನ ಬಾರಿನ ವ್ಯಾಸ 25.4 ಮಿಲಿಮೀಟರ್, ಕೆಳಗಿನ ಬಾರು ಮತ್ತು ಸೀಟಿನ ಕೊಳವೆಗಳದ್ದು 28.6 ಮಿಲಿಮೀಟರ್. ಹೆಬ್ಬೆರಳಿಗಿಂತ ತುಸು ದಪ್ಪನೆಯ ಈ ಕೊಳವೆಗಳೇ ಚಿತ್ರಕಾರನಿಗೆ ದೊರೆಯುವ ಭಿತ್ತಿ. ಎಲ್ಲಿಯೂ ಸಮತಲವಿಲ್ಲ. ಯಾವ ಕೋನದಿಂದ ನೋಡಿದರೂ ಸುತ್ತಳತೆಯ ಅರ್ಧದಷ್ಟು ಮರೆಯಲ್ಲಿರುತ್ತದೆ. ಬಟ್ಟೆಯ ಮೇಲೋ ಗೋಡೆಯ ಮೇಲೋ ಶೋಭಿಸುವ ಚಿತ್ರವನ್ನು ಇಲ್ಲಿಗೆ ತಂದರೆ ಅದು ತುಂಡುತುಂಡಾಗಿ ಕಾಣುತ್ತದೆ. ಮುಖವಿದ್ದರೆ ಕಣ್ಣೊಂದು ಈಚೆಗೆ, ಕಣ್ಣೊಂದು ಆಚೆಗೆ ಉಳಿಯುತ್ತದೆ. ಈ ನೆಲೆಗೆ ಒಗ್ಗುವುದು ಉದ್ದಕ್ಕೆ ಸಾಗುವ ಗೆರೆ, ಸುತ್ತುವ ಪಟ್ಟೆ, ಒಂದರಿಂದ ಇನ್ನೊಂದಕ್ಕೆ ಕರಗುವ ಬಣ್ಣ, ಕೊಳವೆಗಳು ಕೂಡುವ ಸಂದಿಗಳನ್ನು ಎತ್ತಿಹಿಡಿಯುವ ಅಂಚು. ಢಾಕಾದ ಸೈಕಲ್ ರಿಕ್ಷಾಗಳ ಸುಪ್ರಸಿದ್ಧ ಚಿತ್ರಗಳು ರಿಕ್ಷಾದ ಹಿಂಬದಿಯ ತಗಡಿನ ಫಲಕ, ಸೀಟಿನ ಬೆನ್ನು, ಮೇಲ್ಹೊದಿಕೆಗಳಂಥ ಅಗಲವಾದ ಭಾಗಗಳಲ್ಲಿ ವಿಜೃಂಭಿಸುತ್ತವೆ. 2023ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದ ಆ ಚಿತ್ರಕಲೆ ತನಗೆ ಬೇಕಾದ ಅಗಲವನ್ನು ವಾಹನದಲ್ಲಿ ಹುಡುಕಿಕೊಂಡಿದೆ. ಎರಡು ಚಕ್ರದ ಸೈಕಲ್ಲಿಗೆ ಆ ಅನುಕೂಲವಿಲ್ಲ.

ಲೇಪನದ ಮೊದಲ ಕರ್ತವ್ಯ ರಕ್ಷಣೆ. ಉಕ್ಕು ತುಕ್ಕು ಹಿಡಿಯುತ್ತದೆ. ಆರಂಭಕಾಲದ ಸೈಕಲ್ಲುಗಳಿಗೆ ಕುಲುಮೆಯಲ್ಲಿ ಬೇಯಿಸಿ ಗಟ್ಟಿಗೊಳಿಸಿದ ಕಪ್ಪು ಎನಾಮಲ್ ಬಳಿಯಲಾಗುತ್ತಿತ್ತು. ಭಾರತದಲ್ಲಿ 1949ರಲ್ಲಿ ಮದರಾಸಿನಲ್ಲಿ ಆರಂಭವಾದ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಹುಟ್ಟಿದ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ನೆಲೆಗೊಂಡ ಹೀರೋ ಇವೆಲ್ಲ ಈ ಕಪ್ಪು ಸೈಕಲ್ಲಿನ ಮಾದರಿಯನ್ನೇ ಹಳ್ಳಿಹಳ್ಳಿಗೆ ತಲುಪಿಸಿದುವು. ಕಪ್ಪು ಬಣ್ಣ ಅಗ್ಗ, ಬಾಳಿಕೆಯುಳ್ಳದ್ದು, ಎಣ್ಣೆ ಧೂಳುಗಳನ್ನು ಮರೆಮಾಚತಕ್ಕದ್ದು. ಬಣ್ಣದ ಆಯ್ಕೆಯೇ ಇಲ್ಲದಿದ್ದ ಈ ಹಂತದಲ್ಲಿಯೂ ಅಲಂಕಾರದ ಹಂಬಲ ಒಂದು ಸಣ್ಣ ಜಾಗ ಹುಡುಕಿಕೊಂಡಿತು. ಅದೇ ಗೆರೆ.

3. ಗೆರೆಯ ಸಂಪ್ರದಾಯ

ಕಪ್ಪು ಎನಾಮಲಿನ ಮೇಲೆ ಚಿನ್ನದ ಬಣ್ಣದ, ಕೆಲವೊಮ್ಮೆ ಕೆಂಪು ಅಥವಾ ಹಸಿರಿನ, ಕೂದಲೆಳೆಯಂಥ ಗೆರೆ ಎಳೆಯುವುದು ಇಂಗ್ಲೆಂಡಿನ ಸೈಕಲ್ ತಯಾರಿಕೆಯ ಒಂದು ವಿಶಿಷ್ಟ ಕಸುಬಾಗಿತ್ತು. ಕುದುರೆಗಾಡಿಗಳಿಗೆ ಬಣ್ಣ ಬಳಿಯುವವರಿಂದ ಬಂದ ವಿದ್ಯೆ ಇದು. ಉದ್ದ ಕೂದಲಿನ ಕುಂಚವನ್ನು ಬಣ್ಣದಲ್ಲಿ ಅದ್ದಿ, ಒಂದು ಬೆರಳನ್ನು ಕೊಳವೆಯ ಮೈಗೆ ಆನಿಸಿ, ಇಡೀ ತೋಳನ್ನು ಒಂದೇ ಎಳೆತದಲ್ಲಿ ಹಿಂದಕ್ಕೆ ಸರಿಸಬೇಕು. ಕೈ ನಡುವೆ ನಿಂತರೆ ಆ ಜಾಗದಲ್ಲಿ ಬಣ್ಣ ಗಂಟುಕಟ್ಟುತ್ತದೆ. ಕೊಳವೆಯ ಎರಡೂ ಪಕ್ಕದಲ್ಲಿ ಗೆರೆ ಎಳೆದು ತುದಿಗಳನ್ನು ಕೂಡಿಸಿದಾಗ ಉದ್ದನೆಯ ಚೌಕವೊಂದು ಮೂಡುತ್ತದೆ. ಚೌಕಟ್ಟಿನೊಳಗಿನ ಈ ಚೌಕ ಕೊಳವೆಯನ್ನು ಇನ್ನಷ್ಟು ಸಪೂರವಾಗಿ, ಇನ್ನಷ್ಟು ನೇರವಾಗಿ ತೋರಿಸುತ್ತದೆ. ಅಲಂಕಾರವು ರಚನೆಯನ್ನು ಅಡಗಿಸದೆ ಅದರ ಗುಣವನ್ನೇ ಒತ್ತಿ ಹೇಳುವ ಉದಾಹರಣೆಯಿದು. ಚೆನ್ನೈನ ರಾಯಲ್ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ಮೋಟಾರ್ ಸೈಕಲ್ಲಿನ ಟ್ಯಾಂಕಿನ ಮೇಲೆ ಕೈಯಿಂದ ಎಳೆದ ಚಿನ್ನದ ಗೆರೆಗಳು ಇದೇ ವಂಶಕ್ಕೆ ಸೇರಿದುವು.

ಕೊಳವೆಗಳು ಕೂಡುವಲ್ಲಿ ಕವಚದಂತೆ ಹೊದಿಸಿ ಬೆಸೆಯುವ ಲೋಹದ ಬಂಧವನ್ನು ಲಗ್ ಎನ್ನುತ್ತಾರೆ. ಗೆರೆಯ ಕಲೆ ತನ್ನ ಪೂರ್ಣತೆಯನ್ನು ಕಂಡದ್ದು ಈ ಲಗ್ಗಿನ ಅಂಚಿನಲ್ಲಿ. ಲಂಡನ್ನಿನ ಹೆಚಿನ್ಸ್ ಸಂಸ್ಥೆ 1930ರ ದಶಕದಿಂದ ಬಳ್ಳಿಯಂತೆ ಸುರುಳಿಗೊಂಡ ಲಗ್ಗುಗಳುಳ್ಳ, ಹಿಂಬದಿಯ ಕವಲುಗಳು ಬಳುಕಿದಂತಿರುವ ಫ್ರೇಮುಗಳಿಗೆ ಹೆಸರಾಯಿತು. ಅರದಿಂದ ಕೊರೆದು ತೆಗೆದ ಆ ಸುರುಳಿಗಳ ಅಂಚಿಗೆ ಬಣ್ಣಗಾರನು ಗೆರೆ ಎಳೆಯದಿದ್ದರೆ ಅವು ನಾಲ್ಕು ಹೆಜ್ಜೆ ದೂರದಿಂದ ಕಾಣುವುದೇ ಇಲ್ಲ. ಲೋಹದ ಕೆಲಸಗಾರನ ಶ್ರಮ ಕಣ್ಣಿಗೆ ತಲುಪುವುದು ಬಣ್ಣಗಾರನ ಮೂಲಕ. 1946ರಲ್ಲಿ ಡರ್ಬಿಯಲ್ಲಿ ಆರಂಭವಾದ ಮರ್ಸಿಯನ್ ಸಂಸ್ಥೆ ಲಗ್ಗಿನ ಗೆರೆಗಳ ಜೊತೆಗೆ ಕ್ಷೌರದಂಗಡಿಯ ಕಂಬದಂತೆ ಕೊಳವೆಯನ್ನು ಓರೆಯಾಗಿ ಸುತ್ತುವ ಪಟ್ಟೆಗಳನ್ನು ಬಳಕೆಗೆ ತಂದಿತು. ದುಂಡಗಿನ ಮೈಯನ್ನು ತೊಡಕೆಂದು ಭಾವಿಸದೆ ಅದನ್ನೇ ಚಿತ್ರದ ವಸ್ತುವಾಗಿಸಿಕೊಂಡ ಜಾಣ್ಮೆ ಆ ಪಟ್ಟೆಯಲ್ಲಿದೆ.

ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಜನಪ್ರಿಯವಾದ ಇನ್ನೊಂದು ವಿಧಾನವೆಂದರೆ ಬೆಳ್ಳಿಬಣ್ಣದ ತಳಹದಿಯ ಮೇಲೆ ಪಾರದರ್ಶಕವಾದ ಕೆಂಪು, ನೀಲಿ, ನೇರಳೆಗಳನ್ನು ಪದರಪದರವಾಗಿ ಕೊಡುವುದು. ಬೆಳಕು ಬಣ್ಣವನ್ನು ಹಾದು ಒಳಗಿನ ಬೆಳ್ಳಿಗೆ ತಗುಲಿ ಮರಳಿ ಬರುವುದರಿಂದ ಫ್ರೇಮು ಒಳಗಿನಿಂದಲೇ ಹೊಳೆಯುವಂತೆ ತೋರುತ್ತದೆ. ಒಂದು ಪದರ ಹೆಚ್ಚಾದರೆ ಬಣ್ಣ ಕಪ್ಪಾಗುತ್ತದೆ. ಒಂದೆಡೆ ದಟ್ಟ, ಒಂದೆಡೆ ತೆಳುವಾದರೆ ಕಲೆ ಕಟ್ಟುತ್ತದೆ. ಇಂಥ ಬಣ್ಣ ಬಿಸಿಲಿಗೆ ಬೇಗ ಮಾಸುವುದೂ ಉಂಟು. ಹೊಳಪು ಹಾಗೂ ಬಾಳಿಕೆಗಳ ನಡುವೆ ಯಾವುದನ್ನು ಆರಿಸಿಕೊಳ್ಳಬೇಕೆಂಬ ನಿರ್ಧಾರದಲ್ಲಿಯೇ ಸವಾರನ ಅಭಿರುಚಿಯ ಮೊದಲ ಪರೀಕ್ಷೆ ನಡೆಯುತ್ತದೆ.

4. ಬಣ್ಣ ಮತ್ತು ಅರ್ಹತೆ

ಇಟಲಿಯ ಪರಂಪರೆಯಲ್ಲಿ ಗೆರೆಗಿಂತ ಬಣ್ಣಕ್ಕೆ ಪ್ರಾಧಾನ್ಯ. 1885ರಲ್ಲಿ ಮಿಲಾನಿನಲ್ಲಿ ಎಡೊವಾರ್ಡೊ ಬಿಯಾಂಕಿ ಸ್ಥಾಪಿಸಿದ ಸಂಸ್ಥೆಯ ‘ಚೆಲೆಸ್ತೆ’ ಎಂಬ ತಿಳಿಹಸಿರು ಬೆರೆತ ಆಕಾಶನೀಲಿಯನ್ನು ಕಂಡರೆ ಲಾಂಛನ ಓದುವ ಅಗತ್ಯವೇ ಇರುವುದಿಲ್ಲ. ಆ ಬಣ್ಣದ ಹುಟ್ಟಿನ ಬಗ್ಗೆ ರಾಣಿಯ ಕಣ್ಣಿನ ಬಣ್ಣವೆಂದೂ ಮಿಲಾನಿನ ಆಕಾಶದ ಬಣ್ಣವೆಂದೂ ಐತಿಹ್ಯಗಳಿವೆ. ಐತಿಹ್ಯಗಳು ಹುಟ್ಟಿಕೊಂಡದ್ದೇ ಆ ಬಣ್ಣ ಸಮುದಾಯದ ಆಸ್ತಿಯಾಯಿತು ಎಂಬುದಕ್ಕೆ ಸಾಕ್ಷಿ. ಬೇರೊಬ್ಬ ತಯಾರಕನ ಫ್ರೇಮಿಗೆ ಯಾರಾದರೂ ಇದೇ ಬಣ್ಣ ಬಳಿಸಿದರೆ ಬಲ್ಲವರು ಹುಬ್ಬೇರಿಸುತ್ತಾರೆ. ಕಾನೂನಿನ ಅಡ್ಡಿಗಿಂತ ಸಂಕೇತದ ಅಡ್ಡಿ ಅಲ್ಲಿ ಹೆಚ್ಚಿನದು.

ಎರ್ನೆಸ್ತೊ ಕೊಲ್ನಾಗೊ ಅವರು ನಿರ್ಮಿಸಿದ ಸೈಕಲ್ಲಿನ ಮೇಲೆ ಬೆಲ್ಜಿಯಂನ ಎಡ್ಡಿ ಮರ್ಕ್ಸ್ 1972ರಲ್ಲಿ ಮೆಕ್ಸಿಕೊ ನಗರದಲ್ಲಿ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ಕ್ರಮಿಸಿ ದಾಖಲೆ ನಿರ್ಮಿಸಿದರು. ಭಾರ ಇಳಿಸುವುದಕ್ಕಾಗಿ ಬಿಡಿಭಾಗಗಳಿಗೆ ರಂಧ್ರ ಕೊರೆದು ಒಟ್ಟು ತೂಕವನ್ನು ಆರು ಕಿಲೋಗ್ರಾಂಗಿಂತ ಕಡಿಮೆಗೆ ತಂದಿದ್ದ ಆ ಸೈಕಲ್ಲಿನ ಫ್ರೇಮಿಗೆ ಕಿತ್ತಳೆ ಬಣ್ಣವಿತ್ತು. ಲೋಹವನ್ನೇ ಕೊರೆದು ಕಳೆದವರೂ ಬಣ್ಣವನ್ನು ಉಳಿಸಿಕೊಂಡರೆಂಬುದು ಅರ್ಥಪೂರ್ಣ. ಬಣ್ಣವು ಆ ಸಾಧನೆ ಯಾರದೆಂದು ದೂರದಿಂದಲೇ ಸಾರುವ ಗುರುತಾಗಿತ್ತು.

ಔಚಿತ್ಯದ ಪ್ರಶ್ನೆ ಅತ್ಯಂತ ಸ್ಪಷ್ಟವಾಗಿ ತಲೆದೋರುವುದು ವಿಶ್ವಚಾಂಪಿಯನ್ನನ ಕಾಮನಬಿಲ್ಲಿನ ಪಟ್ಟೆಗಳ ವಿಷಯದಲ್ಲಿ. ಬಿಳಿಯ ಮೇಲೆ ನೀಲಿ, ಕೆಂಪು, ಕಪ್ಪು, ಹಳದಿ, ಹಸಿರು ಈ ಐದು ಪಟ್ಟೆಗಳ ಅಂಗಿಯನ್ನು ತೊಡುವ ಹಕ್ಕು ವಿಶ್ವಸ್ಪರ್ಧೆಯಲ್ಲಿ ಗೆದ್ದವರಿಗೆ ಮಾತ್ರ. ವೃತ್ತಿಪರ ರಸ್ತೆ ಸ್ಪರ್ಧೆಯ ಮೊದಲ ವಿಶ್ವಚಾಂಪಿಯನ್ 1927ರಲ್ಲಿ ಗೆದ್ದ ಇಟಲಿಯ ಅಲ್ಫ್ರೆದೊ ಬಿಂದಾ. ಗೆದ್ದವರ ಸೈಕಲ್ಲಿನ ಮೇಲೂ ಈ ಪಟ್ಟೆಗಳನ್ನು ಬರೆಯುವುದು ರೂಢಿಯಾಯಿತು. ಮುಂದೆ ತಯಾರಕರು ತಮ್ಮ ಸೈಕಲ್ಲಿನ ಮೇಲೆ ಯಾರೋ ಗೆದ್ದರೆಂಬ ಹೆಮ್ಮೆಯಿಂದ ಮಾರಾಟದ ಫ್ರೇಮುಗಳಿಗೂ ಅವುಗಳನ್ನು ಅಂಟಿಸಿದರು. ಇನ್ನು, ಎಂದೂ ಸ್ಪರ್ಧಿಸದ ಸವಾರನೊಬ್ಬ ಈ ಐದು ಬಣ್ಣಗಳ ಮೇಳ ತನಗೆ ಪ್ರಿಯವೆಂದು ತನ್ನ ಫ್ರೇಮಿಗೆ ಬರೆಸಿಕೊಂಡರೆ? ವರ್ಣಸಂಯೋಜನೆಯಲ್ಲಿ ದೋಷವಿಲ್ಲ, ಕೆಲಸದಲ್ಲಿ ಕೊರತೆಯಿಲ್ಲ, ಕಾಣಲು ಚೆಲುವಾಗಿಯೂ ಇದೆ. ಆದರೂ ಬಲ್ಲವರಿಗೆ ಅದು ಒಪ್ಪಿಗೆಯಾಗದು. ಗಳಿಸದ ಬಿರುದನ್ನು ಹೆಸರಿನ ಹಿಂದೆ ಸೇರಿಸಿಕೊಂಡಂತೆ ತೋರುತ್ತದೆ. ಬಣ್ಣವು ಕಣ್ಣಿಗೆ ಹಿತವಾಗುವುದರ ಜೊತೆಗೆ ಒಂದು ಮಾತನ್ನೂ ಹೇಳುತ್ತದೆ, ಆ ಮಾತು ಸುಳ್ಳಾಗಬಹುದು ಎಂಬ ಅಂಶ ಇಲ್ಲಿ ಮುಖ್ಯ. ಸುಳ್ಳಾಗಬಲ್ಲದ್ದು ವಿಮರ್ಶೆಯ ವ್ಯಾಪ್ತಿಗೆ ಸೇರಿದ್ದೆಂದೇ ತಿಳಿಯಬೇಕು.

5. ಸಮುದಾಯದಿಂದ ರೂಪುಗೊಂಡ ಇಷ್ಟ

ಯುರೋಪಿನ ಈ ಸಂಯಮದ ಮಾದರಿಯೊಂದನ್ನೇ ಒಪ್ಪಿಕೊಂಡು ತೀರ್ಪು ಕೊಡುವುದು ಏಕಪಕ್ಷೀಯವಾದೀತು. ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ 1979ರ ತನ್ನ ಗ್ರಂಥದಲ್ಲಿ ಅಭಿರುಚಿಯ ಭೇದಗಳು ವರ್ಗಭೇದಗಳನ್ನು ಪೋಷಿಸುತ್ತವೆ, ‘ಸರಳತೆ’ಯ ಮೆಚ್ಚಿಗೆ ಅನೇಕ ವೇಳೆ ಉಳ್ಳವರ ಗುರುತಾಗಿರುತ್ತದೆ ಎಂದು ವಾದಿಸಿದ್ದಾನೆ. 20ನೆಯ ಶತಮಾನದ ಆರಂಭದಲ್ಲಿ ವಿಯೆನ್ನಾದ ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ ಅಲಂಕಾರವನ್ನು ಅಪರಾಧಕ್ಕೆ ಸಮೀಕರಿಸಿದಾಗಲೂ ಅದರ ಹಿಂದೆ ಇಂಥದೇ ತಾರತಮ್ಯದ ಭಾವನೆ ಕೆಲಸ ಮಾಡಿತ್ತು. ಆದುದರಿಂದ ಬಹುವರ್ಣದ, ಆಡಂಬರದ ಬಣ್ಣದ ಕೆಲಸವನ್ನು ಕೀಳೆಂದು ತಳ್ಳಿಹಾಕುವ ಮೊದಲು ಅದು ಯಾರ ಕಲೆ ಎಂದು ಕೇಳಬೇಕಾಗುತ್ತದೆ.

ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ಮೆಕ್ಸಿಕನ್ ಮೂಲದ ಸಮುದಾಯದಲ್ಲಿ ಬೆಳೆದ ‘ಲೋರೈಡರ್’ ಸೈಕಲ್ಲುಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು. ಷಿಕಾಗೊದ ಶ್ವಿನ್ ಸಂಸ್ಥೆ 1963ರಲ್ಲಿ ಮಕ್ಕಳಿಗಾಗಿ ತಂದ ಸ್ಟಿಂಗ್-ರೇ ಮಾದರಿಯನ್ನು ಈ ಸಮುದಾಯದ ಕಿರಿಯರು ತಮ್ಮದನ್ನಾಗಿಸಿಕೊಂಡರು. ಹಿರಿಯರು ಹಳೆಯ ಕಾರುಗಳನ್ನು ನೆಲಕ್ಕೆ ತಗುಲುವಷ್ಟು ತಗ್ಗಿಸಿ, ಬಣ್ಣ ಬಳಿಸಿ, ನಿಧಾನವಾಗಿ ಬೀದಿಯಲ್ಲಿ ಮೆರೆಸುತ್ತಿದ್ದರು. ಕಾರು ಕೊಳ್ಳುವ ವಯಸ್ಸಾಗದವರ ಪಾಲಿಗೆ ಸೈಕಲ್ಲೇ ಆ ಕಾರು. ಸಕ್ಕರೆಪಾಕದಂತೆ ಹೊಳೆಯುವ ಪಾರದರ್ಶಕ ಬಣ್ಣ, ಅದರೊಳಗೆ ಮಿನುಗುವ ಲೋಹದ ಚೂರುಗಳು, ತಿರುಚಿದ ಕ್ರೋಮಿನ ಸರಳುಗಳು ಇವೆಲ್ಲ ಅಲ್ಲಿ ಒಟ್ಟುಗೂಡಿದುವು. ಗಮನಿಸಬೇಕಾದ ಸಂಗತಿಯೆಂದರೆ, ಅನೇಕ ಲೋರೈಡರ್ ಸೈಕಲ್ಲುಗಳಲ್ಲಿ ಕೊಳವೆಗಳ ನಡುವಣ ಖಾಲಿ ಜಾಗಕ್ಕೆ ತಗಡು ಬೆಸೆದು ಮುಚ್ಚಿ, ಆ ಸಮತಲದ ಮೇಲೆ ಚಿತ್ರ ಬರೆಯಲಾಗುತ್ತದೆ. ಚಿತ್ರಕ್ಕೆ ಭಿತ್ತಿ ಸಾಲದೆಂದಾಗ ಕಲಾವಿದರು ಭಿತ್ತಿಯನ್ನೇ ನಿರ್ಮಿಸಿಕೊಂಡರು. ವೇಗದ ಸೈಕಲ್ಲಿಗೆ ಆ ಹೆಚ್ಚಿನ ಭಾರ ಅನುಚಿತ. ನಿಧಾನವಾಗಿ ಮೆರೆಯುವುದಕ್ಕೆಂದೇ ರೂಪಿಸಿದ ವಾಹನಕ್ಕೆ ಅದು ಉಚಿತ. ಔಚಿತ್ಯವೆಂಬುದು ಒಂದೇ ಸಂಯಮದ ಸೂತ್ರವಲ್ಲ, ಉದ್ದೇಶದೊಡನೆ ಬದಲಾಗುವ ಸಂಬಂಧ ಎಂಬುದು ಇದರಿಂದ ಖಚಿತವಾಗುತ್ತದೆ.

ಕನ್ನಡ ನಾಡಿನ ರೂಢಿಯೂ ಈ ಎರಡನೆಯ ಬಗೆಗೆ ಸಮೀಪವಾದುದು. ಇಲ್ಲಿ ಫ್ರೇಮಿಗೆ ಮರಳಿ ಬಣ್ಣ ಬಳಿಸುವುದಕ್ಕಿಂತ ಕಪ್ಪು ಸೈಕಲ್ಲಿಗೆ ಮೇಲಿಂದ ಸೇರಿಸುವ ಅಲಂಕಾರವೇ ಹೆಚ್ಚು. ಚಕ್ರದ ಕಡ್ಡಿಗಳಿಗೆ ಬಣ್ಣದ ಮಣಿ, ಹ್ಯಾಂಡಲಿನ ಹಿಡಿಗೆ ಕುಚ್ಚು, ಸೀಟಿಗೆ ಝಾಲರಿನ ಕವರು, ಚೈನ್ ಕವರಿನ ಮೇಲೋ ಮಡ್‌ಗಾರ್ಡಿನ ಮೇಲೋ ಬೋರ್ಡು ಬರೆಯುವವನ ಕೈಯಿಂದ ಮಾಲೀಕನ ಅಥವಾ ಮನೆದೇವರ ಹೆಸರು. ಆಯುಧಪೂಜೆಯ ದಿನ ಸೈಕಲ್ ತೊಳೆದು ವಿಭೂತಿಪಟ್ಟೆ ಎಳೆದು ಕುಂಕುಮವಿಟ್ಟು ಹೂಮುಡಿಸುತ್ತಾರೆ. ಆ ಮೂರು ಬೆರಳಿನ ಪಟ್ಟೆ ಬಾರಿನ ದುಂಡುಮೈಗೆ ತಾನಾಗಿ ಹೊಂದಿಕೊಳ್ಳುತ್ತದೆ. ಹಬ್ಬ ಕಳೆದ ಮೇಲೆ ಅಳಿಸಿಹೋಗುವ ಈ ಅಲಂಕಾರದ ಹಿಂದೆ ತನ್ನದೇ ವಿಶೇಷವೆಂಬ ಹಟವಿಲ್ಲ. ಬೀದಿಯ ಸೈಕಲ್ಲುಗಳೆಲ್ಲ ಅಂದು ಒಂದೇ ಬಗೆಯಾಗಿ ಕಾಣುತ್ತವೆ. ಆದರೂ ಪ್ರತಿಯೊಂದೂ ಅದರ ಒಡೆಯನ ಕೈಯಿಂದಲೇ ಆದದ್ದು. ‘ವೈಯಕ್ತಿಕ’ ಎಂದರೆ ಇತರರಿಗಿಂತ ಭಿನ್ನವಾದುದು ಎಂಬ ಆಧುನಿಕ ತಿಳಿವಳಿಕೆಗೆ ಇದು ಉತ್ತಮ ತಿದ್ದುಪಡಿ.

6. ಕ್ಯಾನ್ವಾಸಾಗಿ ಬದಲಾದ ಫ್ರೇಮು

ಪ್ರಸಿದ್ಧ ಕಲಾವಿದರು ಸೈಕಲ್ಲಿಗೆ ಕೈಹಚ್ಚಿದಾಗ ಏನಾಗುತ್ತದೆ ಎಂಬುದಕ್ಕೆ 2009ರ ಪ್ರಸಂಗವೊಂದು ಸಾಕ್ಷಿಯಾಗಿದೆ. ಅಮೆರಿಕದ ಸವಾರ ಲಾನ್ಸ್ ಆರ್ಮ್‌ಸ್ಟ್ರಾಂಗ್ ಆ ವರ್ಷ ಸ್ಪರ್ಧೆಗೆ ಮರಳಿದಾಗ ಅವರ ಟ್ರೆಕ್ ಸೈಕಲ್ಲುಗಳನ್ನು ಡೇಮಿಯನ್ ಹರ್ಸ್ಟ್, ಯೊಶಿಟೊಮೊ ನಾರಾ, ಕಾಸ್, ಷೆಪರ್ಡ್ ಫೇರಿ, ಮಾರ್ಕ್ ನ್ಯೂಸನ್, ಕೆನ್ನಿ ಷಾರ್ಫ್ ಮೊದಲಾದವರು ಅಲಂಕರಿಸಿದರು. ಹರ್ಸ್ಟ್ ನಿಜವಾದ ಚಿಟ್ಟೆಗಳ ರೆಕ್ಕೆಗಳನ್ನು ಫ್ರೇಮಿನ ಮೇಲೂ ಚಕ್ರದ ರಿಮ್ಮಿನ ಮೇಲೂ ಜೋಡಿಸಿ ಮೆರುಗೆಣ್ಣೆಯಡಿ ಭದ್ರಪಡಿಸಿದನು. ಪ್ರಾಣಿದಯಾ ಸಂಘಟನೆಗಳು ಇದನ್ನು ಕಟುವಾಗಿ ಖಂಡಿಸಿದುವು. ಅದೇ ವರ್ಷದ ಟೂರ್ ದ ಫ್ರಾನ್ಸ್ ಸ್ಪರ್ಧೆಯ ಪ್ಯಾರಿಸ್ಸಿನ ಕೊನೆಯ ಹಂತದಲ್ಲಿ ಈ ಸೈಕಲ್ಲು ಓಡಿತು. ನವೆಂಬರಿನಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ 5 ಲಕ್ಷ ಡಾಲರಿಗೆ ಮಾರಾಟವಾಯಿತು. ಆ ಮಾಲಿಕೆಯ ಸೈಕಲ್ಲುಗಳಿಂದ ಒಟ್ಟು ಸುಮಾರು 12.5 ಲಕ್ಷ ಡಾಲರ್ ಕ್ಯಾನ್ಸರ್ ಪರಿಹಾರ ಕಾರ್ಯಕ್ಕಾಗಿ ಸಂಗ್ರಹವಾಯಿತು.

ನೈತಿಕ ಆಕ್ಷೇಪವನ್ನು ಬದಿಗಿಟ್ಟು ಕೃತಿಯನ್ನು ಕೃತಿಯಾಗಿ ಪರಿಶೀಲಿಸಿದರೂ ಒಂದು ಕೊರತೆ ಎದ್ದುಕಾಣುತ್ತದೆ. ಚಿಟ್ಟೆ ಹರ್ಸ್ಟ್‌ನ ಕ್ಯಾನ್ವಾಸುಗಳಲ್ಲಿ ಮೊದಲೇ ನೆಲೆಗೊಂಡಿದ್ದ ವಸ್ತು. ಅದು ಅಲ್ಲಿಂದ ಸೈಕಲ್ಲಿಗೆ ವರ್ಗವಾಯಿತು. ಸವಾರನ ಅಭಿರುಚಿಯಾಗಲಿ ಫ್ರೇಮಿನ ರಚನೆಯಾಗಲಿ ಅದನ್ನು ಬೇಡಿರಲಿಲ್ಲ. ತೆಳುವಾದ, ಹಾರಬಲ್ಲ ರೆಕ್ಕೆಗೂ ಹಗುರವಾದ ವಾಹನಕ್ಕೂ ಇರುವ ಸಾಮ್ಯ ಒಂದು ಜಾಣ ಕಲ್ಪನೆ ಎಂಬುದನ್ನು ಒಪ್ಪಬೇಕು. ಆದರೆ ಆ ಕಲ್ಪನೆ ಫ್ರೇಮಿನ ಯಾವ ಸಂದಿಯನ್ನೂ ಯಾವ ಗೆರೆಯನ್ನೂ ಹೊಸದಾಗಿ ಕಾಣಿಸುವುದಿಲ್ಲ. ಹರಾಜಿನ ಬೆಲೆ ನಿರ್ಧಾರವಾದದ್ದು ಹೆಸರಿನಿಂದ, ಪ್ರಸಂಗದ ಖ್ಯಾತಿಯಿಂದ ಮತ್ತು ದಾನದ ಉದ್ದೇಶದಿಂದ. ಮದ್ದು ಸೇವನೆಯ ಪ್ರಕರಣದಲ್ಲಿ 2012ರಲ್ಲಿ ಆರ್ಮ್‌ಸ್ಟ್ರಾಂಗ್ ಅವರ ಏಳು ಟೂರ್ ಪ್ರಶಸ್ತಿಗಳೂ ರದ್ದಾದುವು. ಹೆಸರನ್ನು ಆಧರಿಸಿದ ಮೌಲ್ಯಕ್ಕೆ ಇಂಥ ಅಪಾಯ ಸದಾ ಇದೆ. ಹೆಸರಿಲ್ಲದ ಗೆರೆಗಾರನೊಬ್ಬ ಲಗ್ಗಿನ ಅಂಚಿಗೆ ಎಳೆದ ಎಳೆ ಅಂಥ ಅಪಾಯದಿಂದ ಮುಕ್ತ.

7. ಆಯ್ಕೆಯೂ ಅಭಿರುಚಿಯೂ

ಈಚಿನ ದಶಕಗಳಲ್ಲಿ ದೊಡ್ಡ ತಯಾರಕರೇ ಬೇಡಿಕೆಯ ಬಣ್ಣವನ್ನು ಒದಗಿಸತೊಡಗಿದ್ದಾರೆ. ಟ್ರೆಕ್ ಸಂಸ್ಥೆಯ ‘ಪ್ರಾಜೆಕ್ಟ್ ಒನ್’ ಇದಕ್ಕೆ ಪ್ರಸಿದ್ಧ ನಿದರ್ಶನ. ಗಿರಾಕಿ ಕಂಪ್ಯೂಟರಿನ ಪರದೆಯ ಮೇಲೆ ಮಾದರಿ, ಬಣ್ಣ, ಅಕ್ಷರಗಳನ್ನು ಆರಿಸಿಕೊಂಡರೆ ಅದರಂತೆ ಫ್ರೇಮು ಸಿದ್ಧವಾಗುತ್ತದೆ. ಇದರಿಂದ ಹೆಚ್ಚು ಜನರಿಗೆ ಅವಕಾಶ ದೊರೆತಿದೆ ಎಂಬುದು ನಿಜ. ಆದರೆ ಪಟ್ಟಿಯಿಂದ ಆರಿಸುವುದಕ್ಕೂ ಬಣ್ಣಗಾರನೊಡನೆ ಕುಳಿತು ನಿರ್ಧರಿಸುವುದಕ್ಕೂ ವ್ಯತ್ಯಾಸವಿದೆ. ಪಟ್ಟಿ ಎಂದಿಗೂ ಎದುರಾಡುವುದಿಲ್ಲ. ‘ಈ ಕೆಂಪಿನ ಮೇಲೆ ಆ ಹಳದಿ ಗೆರೆ ಕಾಣದು’, ‘ಇಷ್ಟು ಸಣ್ಣ ಫ್ರೇಮಿಗೆ ಮೂರು ಪಟ್ಟೆ ಹೆಚ್ಚು’ ಎಂದು ಹೇಳುವವನು ಎದುರಿಗೆ ಇದ್ದಾಗ ಇಷ್ಟ ತನ್ನನ್ನು ಸಮರ್ಥಿಸಿಕೊಳ್ಳಬೇಕಾಗುತ್ತದೆ. ಆ ಸಮರ್ಥನೆಯಲ್ಲಿಯೇ ಅದು ಪಕ್ವವಾಗುತ್ತದೆ. ವಸ್ತು, ಮಾಡುವವನು ಮತ್ತು ಬಳಸುವವನ ನಡುವಣ ಈ ಒಡಂಬಡಿಕೆಯನ್ನೇ ಆನಂದ ಕುಮಾರಸ್ವಾಮಿ ಅವರು ಸಾಂಪ್ರದಾಯಿಕ ಕಲೆಯ ಜೀವಾಳವೆಂದು ಪರಿಗಣಿಸಿದ್ದರು.

ತಂತ್ರಜ್ಞಾನದ ಬದಲಾವಣೆಯೂ ಈ ಸಂವಾದವನ್ನು ಕುಗ್ಗಿಸಿದೆ. ವಿದ್ಯುದಾವೇಶದಿಂದ ಪುಡಿಯನ್ನು ಲೋಹಕ್ಕೆ ಅಂಟಿಸಿ ಸುಮಾರು 200 ಡಿಗ್ರಿ ಸೆಲ್ಷಿಯಸ್ ಉಷ್ಣತೆಯಲ್ಲಿ ಬೇಯಿಸುವ ಪುಡಿಲೇಪನ ಅಗ್ಗ, ಗಟ್ಟಿ, ಪರಿಸರಕ್ಕೂ ಸೌಮ್ಯ. ಆದರೆ ಅದರ ಪದರ ದಪ್ಪ. ಲಗ್ಗಿನ ಚೂಪಾದ ಅಂಚು ಅದರಡಿ ಮೊಂಡಾಗುತ್ತದೆ. ಕಾರ್ಬನ್ ನಾರಿನ ಫ್ರೇಮು ಅಂಥ ಶಾಖವನ್ನು ಸಹಿಸುವುದೂ ಇಲ್ಲ. ದ್ರವಬಣ್ಣದ ಕೆಲಸಕ್ಕೆ ಅದರದೇ ಬೆಲೆಯಿದೆ. ಎರಡು ಭಾಗಗಳನ್ನು ಬೆರೆಸಿ ಸಿಂಪಡಿಸುವ ಪಾಲಿಯುರೆಥೇನ್ ಬಣ್ಣಗಳಲ್ಲಿರುವ ಐಸೊಸಯನೇಟುಗಳು ಉಸಿರಾಟದ ರೋಗಕ್ಕೆ ಕಾರಣವಾಗುತ್ತವೆ. ಸವಾರನ ಅಭಿರುಚಿಗಾಗಿ ಬಣ್ಣಗಾರನ ಶ್ವಾಸಕೋಶ ತೆರುವ ಬೆಲೆಯನ್ನು ಸೌಂದರ್ಯಚರ್ಚೆ ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಉಸಿರುಕವಚ, ಗಾಳಿಯ ವ್ಯವಸ್ಥೆಗಳಿಲ್ಲದ ಕೊಠಡಿಯಲ್ಲಿ ಮೂಡಿದ ಹೊಳಪನ್ನು ಸುಂದರವೆನ್ನುವಾಗ ತುಸು ಯೋಚಿಸಬೇಕಾಗುತ್ತದೆ.

ಆಯ್ಕೆಯೇ ಇಲ್ಲದವರ ಪ್ರಶ್ನೆಯೂ ಇದೇ ಸಂದರ್ಭದಲ್ಲಿ ಬರುತ್ತದೆ. ಭಾರತದ ಹಲವು ರಾಜ್ಯಗಳು ಶಾಲಾಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಗಳನ್ನು ಜಾರಿಗೆ ತಂದುವು. ಬಿಹಾರದ ಯೋಜನೆ 2006ರದು. ಕರ್ನಾಟಕದಲ್ಲಿ ಎಂಟನೆಯ ತರಗತಿಯ ಮಕ್ಕಳಿಗಾಗಿ 2006-07ರಲ್ಲಿ ಆರಂಭವಾಯಿತು. ಪಶ್ಚಿಮ ಬಂಗಾಳದ 2015ರ ಯೋಜನೆಯ ಹೆಸರೇ ‘ಹಸಿರು ಸಂಗಾತಿ’ ಎಂಬರ್ಥದ್ದು. ರಾಜಸ್ಥಾನದಲ್ಲಿ ವಿದ್ಯಾರ್ಥಿನಿಯರ ಸೈಕಲ್ಲಿನ ಬಣ್ಣ 2017ರಲ್ಲಿ ಕಪ್ಪಿನಿಂದ ಕೇಸರಿಗೆ, ಸರ್ಕಾರ ಬದಲಾದ ಮೇಲೆ 2019ರಲ್ಲಿ ಮರಳಿ ಕಪ್ಪಿಗೆ ತಿರುಗಿ ವಿವಾದವಾಯಿತು. ಎರಡು ಸಲವೂ ಸೈಕಲ್ ತುಳಿಯುವ ಹುಡುಗಿಯ ಇಷ್ಟ ಚರ್ಚೆಯ ವಿಷಯವಾಗಲಿಲ್ಲ. ಒಂದೇ ಬಣ್ಣದ ನೂರಾರು ಸೈಕಲ್ಲುಗಳು ಶಾಲೆಯಂಗಳದಲ್ಲಿ ನಿಂತಾಗ ತನ್ನದನ್ನು ಗುರುತಿಸಲು ಹುಡುಗಿಯೊಬ್ಬಳು ಹ್ಯಾಂಡಲಿಗೆ ಕಟ್ಟುವ ರಿಬ್ಬನ್ನಿನ ತುಣುಕು, ಬಾರಿಗೆ ಅಂಟಿಸುವ ಚಿತ್ರ ಇವು ವೈಯಕ್ತಿಕ ಅಭಿರುಚಿಯ ಅತ್ಯಂತ ಪ್ರಾಥಮಿಕ ಹಾಗೂ ಪ್ರಾಮಾಣಿಕ ರೂಪಗಳು. ಸಾವಿರಾರು ಡಾಲರಿನ ಬಣ್ಣದ ಕೆಲಸಕ್ಕೂ ಈ ರಿಬ್ಬನ್ನಿಗೂ ಮೂಲಪ್ರೇರಣೆ ಒಂದೇ: ಎಲ್ಲರದರಂತಿರುವುದನ್ನು ತನ್ನದಾಗಿಸಿಕೊಳ್ಳುವುದು.

8. ಮೂಲಬಣ್ಣದ ಪ್ರಶ್ನೆ

ಸಂಶೋಧಕರಿಗೂ ಸಂಗ್ರಹಾಲಯಗಳಿಗೂ ನೇರವಾಗಿ ಸಂಬಂಧಿಸಿದ ಇನ್ನೊಂದು ಸಮಸ್ಯೆಯಿದೆ. ಹಳೆಯ ಫ್ರೇಮೊಂದು ಕೈಸೇರಿದಾಗ ಅದನ್ನು ಉಜ್ಜಿ ಹೊಸ ಬಣ್ಣ ಬಳಿಸಬೇಕೆ, ಮಾಸಿದ ಮೂಲಬಣ್ಣವನ್ನೇ ಉಳಿಸಬೇಕೆ? ಮಾಲೀಕನ ಇಷ್ಟ ಮೊದಲನೆಯದನ್ನು ಬೇಡುತ್ತದೆ. ಆದರೆ ಮರಳಿನ ಸಿಂಪಡಣೆಯಿಂದ ಬಣ್ಣ ತೆಗೆದ ಕೆಲವೇ ನಿಮಿಷಗಳಲ್ಲಿ ಗೆರೆಗಾರನ ಕೈಬರಹ, ಬಣ್ಣದ ಪದರಗಳ ಕ್ರಮ, ಅಂಗಡಿಯ ಮುದ್ರೆ ಎಲ್ಲವೂ ಶಾಶ್ವತವಾಗಿ ಕಳೆದುಹೋಗುತ್ತವೆ. ತಾಳೆಗರಿಯ ಹಸ್ತಪ್ರತಿಯನ್ನು ಅಂದವಾಗಿ ನಕಲು ಮಾಡಿಸಿ ಮೂಲವನ್ನು ಎಸೆದಂತೆ ಅದು. ಸೈಕಲ್ಲುಗಳ ದಾಖಲೆಯಲ್ಲಿ ತಯಾರಕನ ಹೆಸರು, ವರ್ಷ, ಸಂಖ್ಯೆಗಳಿಗೆ ಸ್ಥಾನವಿದ್ದರೂ ಬಣ್ಣಗಾರನ ಹೆಸರಿಗೆ ಸ್ಥಾನ ದೊರೆಯುವುದು ವಿರಳ. 2005ರಲ್ಲಿ ಹ್ಯೂಸ್ಟನ್ನಿನಲ್ಲಿ ಆರಂಭವಾಗಿ 2019ರವರೆಗೆ ನಡೆದ ಉತ್ತರ ಅಮೆರಿಕದ ಕೈನಿರ್ಮಿತ ಸೈಕಲ್ಲುಗಳ ಪ್ರದರ್ಶನದಲ್ಲಿ ಉತ್ತಮ ಬಣ್ಣದ ಕೆಲಸಕ್ಕೆ ಪ್ರತ್ಯೇಕ ಪ್ರಶಸ್ತಿ ನೀಡಲಾಗುತ್ತಿತ್ತು. ಬಣ್ಣಗಾರನನ್ನು ಕಲಾವಿದನೆಂದು ಗುರುತಿಸುವ ದಿಸೆಯಲ್ಲಿ ಅದೊಂದು ಗಣನೀಯ ಹೆಜ್ಜೆ.

ಹಾಗೆಂದು ಹಳೆಯ ಫ್ರೇಮಿಗೆ ಬಣ್ಣ ಬಳಿಸುವುದೇ ತಪ್ಪೆಂಬ ನಿಲುವೂ ಅತಿರೇಕವಾದೀತು. ತುಕ್ಕು ಲೋಹವನ್ನೇ ತಿನ್ನುತ್ತಿರುವಾಗ ಲೇಪನ ರಕ್ಷಣೆಯ ಕರ್ತವ್ಯಕ್ಕೆ ಮರಳಬೇಕು. ಮೊದಲು ಛಾಯಾಚಿತ್ರ, ಅಳತೆ, ಬಣ್ಣದ ಮಾದರಿಗಳ ಮೂಲಕ ದಾಖಲಿಸಿ, ಉಳಿಸಬಹುದಾದ ಭಾಗವನ್ನು ಉಳಿಸಿ, ಅನಂತರ ಹೊಸ ಕೆಲಸಕ್ಕೆ ತೊಡಗುವುದು ಸೂಕ್ತ ಕ್ರಮ.

9. ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಸೈಕಲ್ ಫ್ರೇಮಿನ ಬಣ್ಣದ ಕೆಲಸ ದುಂಡಗಿನ, ಸಪೂರವಾದ, ಚಲಿಸುವ ಭಿತ್ತಿಯ ಕಲೆ; ಇಂಗ್ಲೆಂಡಿನ ಗೆರೆ, ಓರೆಪಟ್ಟೆ, ಪಾರದರ್ಶಕ ಬಣ್ಣಗಳು ಯಶಸ್ವಿಯಾದದ್ದು ಈ ಭಿತ್ತಿಯ ಗುಣವನ್ನು ಅರಿತದ್ದರಿಂದ. ಎರಡು, ಬಣ್ಣಗಳಿಗೆ ಸಮುದಾಯದಲ್ಲಿ ಅರ್ಥವಿರುವುದರಿಂದ ಇಷ್ಟವೆಂಬ ಒಂದೇ ಕಾರಣ ಅವುಗಳನ್ನು ಸಮರ್ಥಿಸಲಾರದು. ಮೂರು, ಸಂಯಮವೊಂದೇ ಉತ್ತಮ ಅಭಿರುಚಿಯಲ್ಲ; ಲೋರೈಡರಿನ ವೈಭವಕ್ಕೂ ಆಯುಧಪೂಜೆಯ ವಿಭೂತಿಪಟ್ಟೆಗೂ ಅವುಗಳದೇ ಔಚಿತ್ಯವಿದೆ. ನಾಲ್ಕು, ಆಯ್ಕೆಯ ಪಟ್ಟಿ ಹಿಗ್ಗಿದಷ್ಟೂ ಅಭಿರುಚಿ ಬೆಳೆಯುತ್ತದೆ ಎಂಬ ನಂಬಿಕೆಗೆ ಆಧಾರ ಸಾಲದು. ಅದು ಬೆಳೆಯುವುದು ಎದುರಾಡಬಲ್ಲ ಕುಶಲಕರ್ಮಿಯ ಸಂಗದಲ್ಲಿ.

ಅಭಿರುಚಿ ವೈಯಕ್ತಿಕವೆಂಬುದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಅದರ ಹೊಣೆಯೂ ವೈಯಕ್ತಿಕವೆಂಬುದನ್ನು ಒಪ್ಪಿಕೊಂಡರೆ ಸಾಕು. ಗೆರೆ ಎಳೆಯುವ ಕೈಗಳು ಕಡಿಮೆಯಾಗುತ್ತಿರುವ ಈ ಕಾಲದಲ್ಲಿ ಆ ಕೈಗಳ ಹೆಸರು, ವಿಧಾನ, ಉಪಕರಣಗಳನ್ನು ದಾಖಲಿಸುವ ಕೆಲಸವನ್ನು ಅಕಾಡೆಮಿಗಳೂ ಗ್ರಂಥಾಲಯಗಳೂ ಕೈಗೆತ್ತಿಕೊಳ್ಳಬೇಕಾಗಿದೆ. ಕನ್ನಡ ನಾಡಿನ ಮಟ್ಟಿಗೆ ಮಡ್‌ಗಾರ್ಡಿನ ಮೇಲೆ ಹೆಸರು ಬರೆಯುತ್ತಿದ್ದ ಬೋರ್ಡುಗಾರರಿಂದ ಈ ಕೆಲಸವನ್ನು ಆರಂಭಿಸಬಹುದು.